ಮಗ್ಗುಲು ಬದಲಿಸುವವರು ಯಾರು?

ಹಾಸಿಗೆ ಹಿಡಿದ ಹಿರಿಯರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಒಡೆದು, ಹುಣ್ಣಾಗುತ್ತದೆ. ಆಸ್ಪತ್ರೆಯಲ್ಲಾದರೆ ನರ್ಸ್ ಇರುತ್ತಾರೆ. ಹಳ್ಳಿಯ ಮನೆಯಲ್ಲಿ? ಸೊಸೆ, ಇಲ್ಲವೇ ತಾನೇ ಗೋಡೆ ಹಿಡಿದು ನಡೆಯುವ ಹೆಂಡತಿ. ಸೊಸೆ ಕೂಲಿಗೆ ಹೋದ ದಿನ ಮಗ್ಗುಲ ಲೆಕ್ಕ ತಪ್ಪುತ್ತದೆ.

2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ; ಅವರಲ್ಲಿ 7.3 ಕೋಟಿ ಮಂದಿ ಹಳ್ಳಿಗಳಲ್ಲೇ ಇದ್ದರು. ಎಪ್ಪತ್ತು ತುಂಬಿದವರಿಗೆ 2024ರಿಂದ ಆಯುಷ್ಮಾನ್ ಭಾರತ್ ರಕ್ಷಣೆ ಸಿಕ್ಕಿದೆ. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಮನೆಗೆ ಮರಳಿದ ಮೇಲಿನ ವರ್ಷಗಟ್ಟಲೆ ಆರೈಕೆ ಮನೆಯವರ ಪಾಲಿಗೇ.

ಕೇರಳದ ದಾರಿ ಬೇರೆ. ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಕಟ್ಟಿದ ಉಪಶಮನ ಆರೈಕೆಯ ಸಂಸ್ಥೆ ಮುಖ್ಯವಾಗಿ ಕ್ಯಾನ್ಸರ್ ನೋವಿನತ್ತ ಗಮನ ಕೊಟ್ಟಿತ್ತು. ಆಮೇಲೆ ಮಲಪ್ಪುರಂ ಕಡೆಯ ಊರವರೇ ತರಬೇತಿ ಪಡೆದು, ಚಿಲ್ಲರೆ ಕಾಸು ಕೂಡಿಸಿ, ಲಕ್ವ ಹೊಡೆದವರ, ಮುಪ್ಪಿನಿಂದ ಮಲಗಿದವರ ಮನೆಬಾಗಿಲಿಗೆ ಹೋಗತೊಡಗಿದರು. 2008ರಲ್ಲಿ ಸರ್ಕಾರ ಇದನ್ನು ನೀತಿಯಾಗಿಸಿತು. ಪಂಚಾಯಿತಿಯ ನರ್ಸ್ ಬಂದು ಮೂತ್ರದ ನಳಿಕೆ ಬದಲಿಸುತ್ತಾರೆ, ಹುಣ್ಣು ತೊಳೆಯುತ್ತಾರೆ, ಮನೆಯವರಿಗೂ ಕಲಿಸುತ್ತಾರೆ. ಅಕ್ಕಿ ಇಲ್ಲದ ಮನೆಗೆ ಸ್ವಯಂಸೇವಕರು ಅಕ್ಕಿಯನ್ನೂ ತರುವುದುಂಟು. (ಔಷಧಿಯ ಚೀಟಿಯಲ್ಲಿ ಅಕ್ಕಿ ಬರೆಯುವ ವೈದ್ಯರು ಎಲ್ಲಿದ್ದಾರೆ!)

ನಮ್ಮ ಪಂಚಾಯಿತಿಗಳ ಕ್ರಿಯಾಯೋಜನೆಯಲ್ಲಿ ಚರಂಡಿಗೆ, ಕಾಂಕ್ರೀಟ್ ರಸ್ತೆಗೆ ಸಾಲುಗಳಿರುತ್ತವೆ. ಒಬ್ಬ ನರ್ಸ್, ಒಂದು ಬಾಡಿಗೆ ಜೀಪು, ಒಂದಿಷ್ಟು ಹತ್ತಿ ಬಟ್ಟೆಗೂ ಅಲ್ಲೊಂದು ಸಾಲು ಬೇಕೆಂದು ಗ್ರಾಮಸಭೆಯಲ್ಲಿ ಕೇಳಬಹುದು.