ಲೆಕ್ಕದ ಪಕ್ಕದ ಟಿಪ್ಪಣಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯ ಐದನೆಯ ವಿಷಯ, ‘ಪ್ರೋಗ್ರಾಮಿನ ಟಿಪ್ಪಣಿಗಳಿಂದ ವಿವರಣೆ ಪುಸ್ತಕ ತಯಾರಿಸುವ ಸಲಕರಣೆಯ ಆಯ್ಕೆ’ ಎಂದು ಕಾಗದದಲ್ಲಿ ಅಚ್ಚಾಗಿದೆ. ಅದನ್ನು ಓದಿದೊಡನೆ ಹಿಂದಿನ ಸಾಲಿನಲ್ಲಿ ಕೆಲವರು ಚಹಕ್ಕೆಂದು ಎದ್ದುದನ್ನು ನಾವು ಕಂಡೆವು. ದಯವಿಟ್ಟು ಕುಳಿತುಕೊಳ್ಳಿರಿ. ಇದು ನಿಮ್ಮ ಹಣದ ಮಾತು. ನಾವಾದರೂ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕಪ್ಪು-ಬಸಿ ತೊಳೆದು ಮೇಲೆ ಬಂದವರು. ನಮಗೆ ಅರ್ಥವಾದಷ್ಟನ್ನೇ ಹೇಳುತ್ತೇವೆ. ಅರ್ಥವಾಗುವುದಕ್ಕೆ ಒಂದು ವರ್ಷ ಹಿಡಿಯಿತು.

ಸಂಘದ ಕಚೇರಿಯಲ್ಲಿ ಚಂದಾ, ರಜೆ, ಗ್ರಾಚ್ಯುಟಿ ಇವುಗಳ ಲೆಕ್ಕ ಮಾಡುವ ಒಂದು ಪ್ರೋಗ್ರಾಂ ಉಂಟಷ್ಟೆ. ನಮ್ಮ ಸದಸ್ಯರೊಬ್ಬರ ಮಗ ಕಾಲೇಜಿನಲ್ಲಿದ್ದಾಗ ಅದನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆದುಕೊಟ್ಟನು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಆಮೇಲೆ ಅವನಿಗೆ ಹೈದರಾಬಾದಿನಲ್ಲಿ ಕೆಲಸವಾಯಿತು, ಹೋದನು. ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಬಂದನು. ಇವನೂ ಜಾಣನೇ. ಒಂದು ರಾತ್ರಿ ಪ್ರೋಗ್ರಾಮನ್ನು ಓದುತ್ತ ಕುಳಿತವನಿಗೆ ಗ್ರಾಚ್ಯುಟಿಯ ಸಾಲಿನಲ್ಲಿ ೨೬ ಎಂಬ ಅಂಕೆ ಕಂಡಿತು. ರಜೆಯ ಲೆಕ್ಕದಲ್ಲಿ ತಿಂಗಳಿಗೆ ೩೦ ಎಂದಿತ್ತು, ಇಲ್ಲಿ ೨೬. “ಅಣ್ಣ, ಇದು ಕೈತಪ್ಪಿ ಆದದ್ದೇ?” ಎಂದು ನಮ್ಮನ್ನು ಕೇಳಿದನು. ನಾವು ಮರುದಿನದ ಮೋರ್ಚಾದ ಫಲಕ ಬರೆಯುವುದರಲ್ಲಿದ್ದೆವು. ತಲೆ ಎತ್ತದೆ, “ತಿಂಗಳಿಗೆ ಮೂವತ್ತೇ ತಾನೆ ಮಾರಾಯ” ಎಂದೆವು. ಅವನು ೩೦ ಮಾಡಿದನು.

ಅದು ೨೦೨೩ರಲ್ಲಿ. ಅದಾಗಿ ಎರಡು ತಿಂಗಳಿಗೆ ನಮ್ಮ ಒಬ್ಬ ಅಡಿಗೆ ಭಟ್ಟರು ೨೨ ವರ್ಷದ ಕೆಲಸ ಬಿಟ್ಟು ಊರಿಗೆ ಹೊರಟರು. ಕೊನೆಯ ಸಂಬಳ ತುಟ್ಟಿಭತ್ಯೆ ಸೇರಿ ೧೩,೦೦೦ ರೂಪಾಯಿ. ಪ್ರೋಗ್ರಾಂ ೧,೪೩,೦೦೦ ಎಂದಿತು. ಅದನ್ನೇ ಟೈಪು ಮಾಡಿಸಿ ಧಣಿಗಳಿಗೆ ಕಳುಹಿಸಿದೆವು. ಅವರು ನಾಲ್ಕೇ ದಿನದಲ್ಲಿ ಚೆಕ್ಕು ಕೊಟ್ಟರು. ಗಲ್ಲದಲ್ಲಿ ಕುಳಿತವರು ಇಷ್ಟು ಬೇಗ ಒಪ್ಪಿದಾಗಲೇ ನಮಗೆ ಸಂಶಯ ಬರಬೇಕಾಗಿತ್ತು.

ಆಗ ಜಾರಿಯಲ್ಲಿದ್ದ ೧೯೭೨ರ ಕಾಯಿದೆಯಂತೆ ವರ್ಷಕ್ಕೆ ೧೫ ದಿನದ ಸಂಬಳ. ದಿನದ ಸಂಬಳ ತೆಗೆಯುವಾಗ ತಿಂಗಳ ಸಂಬಳವನ್ನು ೨೬ರಿಂದ ಭಾಗಿಸಬೇಕು, ಏಕೆಂದರೆ ನಾಲ್ಕು ವಾರದ ರಜೆ ಕಳೆದರೆ ನಾವು ಮೈ ಮುರಿದು ದುಡಿಯುವ ದಿನ ಇಪ್ಪತ್ತಾರೇ. ಈ ೨೬ ಆಕಾಶದಿಂದ ಬಿದ್ದದ್ದಲ್ಲ. ಗುಜರಾತಿನ ದಿಗ್ವಿಜಯ ಉಣ್ಣೆ ಗಿರಣಿಯ ಕಾರ್ಮಿಕರ ಮೊಕದ್ದಮೆಯಲ್ಲಿ ೧೯೮೦ರಲ್ಲಿ ಸುಪ್ರೀಂ ಕೋರ್ಟು ೨೬ನ್ನೇ ಎತ್ತಿಹಿಡಿಯಿತು. ಆಮೇಲೆ ೧೯೮೭ರ ತಿದ್ದುಪಡಿಯಿಂದ ಅದು ಕಾಯಿದೆಯಲ್ಲೇ ಸೇರಿತು. ಲೆಕ್ಕ ನೋಡಿರಿ: ಹದಿಮೂರು ಸಾವಿರವನ್ನು ೨೬ರಿಂದ ಭಾಗಿಸಿದರೆ ದಿನಕ್ಕೆ ೫೦೦, ವರ್ಷಕ್ಕೆ ೭,೫೦೦, ೨೨ ವರ್ಷಕ್ಕೆ ೧,೬೫,೦೦೦. ಭಟ್ಟರಿಗೆ ೨೨,೦೦೦ ಕಡಿಮೆ ಬಂತು. ಗಿರಣಿಯ ಅಣ್ಣಂದಿರು ಕೋರ್ಟಿನಲ್ಲಿ ಗೆದ್ದ ಅಂಕೆಯನ್ನು ಸಂಘದ ಕಚೇರಿಯಲ್ಲಿ ನಾವೇ ಒರಸಿ ಹಾಕಿದೆವು. ಆ ೨೨,೦೦೦ ಹಿಂದೆ ತರುವುದಕ್ಕೆ ಧಣಿಗಳ ಬಾಗಿಲಿಗೆ ಐದು ಸಲ ಹೋದೆವು. ಬಂತು, ಆದರೆ ಭಟ್ಟರ ಮನೆಯ ಮಾಡು ಆ ಮಳೆಗಾಲಕ್ಕೆ ಆಗಲಿಲ್ಲ.

ಹುಡುಗನದು ತಪ್ಪಲ್ಲ. ಆ ಸಾಲಿನ ಪಕ್ಕದಲ್ಲಿ ‘ಇದು ಏಕೆ ೨೬’ ಎಂದು ಒಂದು ಮಾತು ಬರೆದಿದ್ದರೆ ಅವನು ಕೇಳುತ್ತಲೇ ಇರಲಿಲ್ಲ, ನಾವು ಉತ್ತರ ಕೊಡುತ್ತಲೂ ಇರಲಿಲ್ಲ. ಸಾಂಬಾರು ಪುಡಿಯ ಅಳತೆ ಒಬ್ಬ ಭಟ್ಟರ ತಲೆಯಲ್ಲೇ ಇದ್ದರೆ ಅವರು ಜಾತ್ರೆಗೆ ಊರಿಗೆ ಹೋದ ವಾರ ಹೋಟೆಲಿನ ಗತಿ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ.

ಪ್ರೋಗ್ರಾಮಿನ ಸಾಲುಗಳ ನಡುವೆ, ಯಂತ್ರ ಓದದೆ ಬಿಡುವ, ಮನುಷ್ಯರು ಓದುವುದಕ್ಕಾಗಿಯೇ ಇರುವ ಮಾತುಗಳನ್ನು ಬರೆಯಬಹುದು. ಇವೇ ಟಿಪ್ಪಣಿಗಳು. ಇವನ್ನು ಆರಿಸಿ, ಕ್ರಮವಾಗಿ ಜೋಡಿಸಿ, ಪುಸ್ತಕ ಮಾಡಿಕೊಡುವ ಸಲಕರಣೆಗಳು ಬಹಳ ದಿನಗಳಿಂದ ಇವೆ. ಅಮೆರಿಕದ ಪ್ರಾಧ್ಯಾಪಕರಾದ ಡೊನಾಲ್ಡ್ ಕ್ನೂತ್ ಅವರು ೧೯೮೪ರಲ್ಲೇ ಪ್ರೋಗ್ರಾಂ ಮತ್ತು ವಿವರಣೆ ಒಂದೇ ಕಡತದಲ್ಲಿ ಇರಬೇಕೆಂದು ಬರೆದರು. ೧೯೯೦ರ ದಶಕದ ನಡುವಿನಲ್ಲಿ ಜಾವಾ ಭಾಷೆಯೊಡನೆ ಜಾವಾಡಾಕ್ ಬಂತು, ೧೯೯೭ರಲ್ಲಿ ಡಾಕ್ಸಿಜನ್, ೨೦೦೮ರಲ್ಲಿ ಸ್ಫಿಂಕ್ಸ್. ಪುಸ್ತಕವನ್ನು ಬೇರೆಯಾಗಿ ಬರೆದು ಕಪಾಟಿನಲ್ಲಿಟ್ಟರೆ ಆಗದೇ ಎಂದು ಒಬ್ಬ ಹಿರಿಯರು ಕೇಳಿದರು. ಆಗುತ್ತದೆ, ಆದರೆ ಲೆಕ್ಕ ಬದಲಾದ ದಿನ ಕಪಾಟು ತೆರೆಯುವವರು ಯಾರು? ದರ ಏರಿದರೂ ಗೋಡೆಯ ಹಲಗೆಯಲ್ಲಿ ಹಳೆಯ ದರವೇ ಉಳಿದು, ಸಪ್ಲಯರು ಗಿರಾಕಿಯ ಬೈಗಳು ತಿನ್ನುವುದಿಲ್ಲವೇ? ಟಿಪ್ಪಣಿಯಾದರೆ ಸಾಲಿನ ಮಗ್ಗುಲಲ್ಲೇ ಇರುತ್ತದೆ. ಸಾಲು ತಿದ್ದುವವನ ಕಣ್ಣಿಗೆ ಬೀಳದೆ ಇರದು.

ನಮ್ಮ ಸದಸ್ಯರ ಮಕ್ಕಳು ನಾಲ್ವರು ಸೇರಿ ಆಯ್ಕೆಗೆ ಕುಳಿತರು. ನಾವು ಚಹ ತರಿಸುತ್ತ ಕೇಳುತ್ತ ಇದ್ದೆವು. ಬೆಲೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು: ಹೆಸರು ಬಂದವೆಲ್ಲ ಪುಕ್ಕಟೆ. ಜಗಳವಾದದ್ದು ಬೇರೆ ಕಡೆ.

ಒಬ್ಬನು ಪೈಡಾಕ್ ಸಾಕೆಂದನು. ಅದು ಪೈಥಾನಿನೊಡನೆಯೇ ಬರುತ್ತದೆ, ಹೊಸದಾಗಿ ಏನೂ ಹಾಕಬೇಕಾಗಿಲ್ಲ, ಟಿಪ್ಪಣಿಗಳನ್ನು ಇದ್ದ ಹಾಗೆ ತೋರಿಸುತ್ತದೆ. ನಮಗೂ ಇದೇ ಸರಿ ಕಂಡಿತು. ಆದರೆ ಅರ್ಜಿ ಹೇಗೆ ತುಂಬಬೇಕು, ಯಾವ ಕಾಗದ ಲಗತ್ತಿಸಬೇಕು ಎಂಬ ಪಾಠಗಳೂ ಟಿಪ್ಪಣಿಗಳೂ ಒಂದೇ ಪುಸ್ತಕದಲ್ಲಿ ಬರಬೇಕೆಂಬುದು ಕಮಿಟಿಯ ಆಸೆ. ಅದು ಪೈಡಾಕಿನ ಕೆಲಸವಲ್ಲ. ಇನ್ನೊಬ್ಬನು ಡಾಕ್ಸಿಜನ್ ಎಂದನು. ಅದು ಹಲವು ಭಾಷೆಗಳಿಗೆ ಒಗ್ಗುತ್ತದೆ, ಯಾವ ಭಾಗ ಯಾವುದನ್ನು ಕರೆಯುತ್ತದೆಂದು ಚಿತ್ರ ಸಹ ಬರೆಯುತ್ತದೆ. ಅದರ ಬಲವೆಲ್ಲ ಸಿ, ಸಿ ಪ್ಲಸ್ ಪ್ಲಸ್ ಕಡೆಗೆ. ಪೈಥಾನಿನ ಟಿಪ್ಪಣಿಯಲ್ಲಿ ಅದರ ವಿಶೇಷ ಗುರುತುಗಳು ನಡೆಯಬೇಕಾದರೆ ಟಿಪ್ಪಣಿಯ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕಂತೆ. ಮೂರನೆಯವಳು, ನಮ್ಮ ಸಭೆಯಲ್ಲೇ ಇರುವ ಮಾಜಿ ನೇಕಾರರ ಮಗಳು, ಸ್ಫಿಂಕ್ಸ್ ಎಂದಳು. ಪೈಥಾನಿನ ಸ್ವಂತ ಕೈಪಿಡಿಗಾಗಿಯೇ ಗೆಯೋರ್ಗ್ ಬ್ರಾಂಡ್ಲ್ ಎಂಬವರು ಮಾಡಿದ್ದು. ಕೈಯಿಂದ ಬರೆದ ಪಾಠಗಳನ್ನೂ ಪ್ರೋಗ್ರಾಮಿನಿಂದ ತೆಗೆದ ಟಿಪ್ಪಣಿಗಳನ್ನೂ ಒಟ್ಟಿಗೆ ಕಟ್ಟುತ್ತದೆ. ಲಿನಕ್ಸ್‌ನವರೂ ೨೦೧೬ರಿಂದ ತಮ್ಮ ವಿವರಣೆಗಳನ್ನು ಅದಕ್ಕೇ ವರ್ಗಾಯಿಸತೊಡಗಿದರು.

ಸರಿ, ಪರೀಕ್ಷೆ ಮಾಡಿ ನೋಡೋಣವೆಂದೆವು. ಆ ರಾತ್ರಿ ಹನ್ನೊಂದೂವರೆಗೆ ನಿಮ್ಮಲ್ಲಿ ಅನೇಕರಿಗೆ ‘ಚಂದಾ ಬಾಕಿ ಇದೆ’ ಎಂದು ಫೋನಿಗೆ ಸಂದೇಶ ಬಂದದ್ದು ನೆನಪಿರಬಹುದು. ಬೈದವರೂ ಉಂಟು. ಅದು ಈ ಪರೀಕ್ಷೆಯ ಫಲ. ಸ್ಫಿಂಕ್ಸ್‌ನ ಆಟೋಡಾಕ್ ಎಂಬ ಭಾಗ ಟಿಪ್ಪಣಿ ತೆಗೆಯುವುದಕ್ಕೆ ಪ್ರೋಗ್ರಾಮಿನ ಕಡತವನ್ನು ನಿಜವಾಗಿಯೇ ಎಬ್ಬಿಸುತ್ತದೆ. ನಮ್ಮ ಕಡತವೋ ಎದ್ದೊಡನೆ ಸಂದೇಶ ಕಳುಹಿಸುವ ಹಾಗೆ ಬರೆದಿತ್ತು. ಹೀಗಾಗಬಹುದೆಂದು ಸ್ಫಿಂಕ್ಸ್‌ನ ಕೈಪಿಡಿಯಲ್ಲೇ ಎಚ್ಚರಿಕೆ ಉಂಟು, ನಾವು ಓದಿರಲಿಲ್ಲ. ವಿವರಣೆ ಪುಸ್ತಕದ ವಿಷಯ ಮಾತಾಡಲು ಕೂತವರೇ ಪುಸ್ತಕ ಓದಿರಲಿಲ್ಲ!

ಡಾಕ್ಸಿಜನ್ ಹೀಗಲ್ಲ, ಬರಹವನ್ನು ಬರಹವಾಗಿಯೇ ಓದುತ್ತದೆ, ಏನನ್ನೂ ಎಬ್ಬಿಸುವುದಿಲ್ಲ. ಸ್ಫಿಂಕ್ಸ್‌ಗೂ ಹಾಗೆ ಬರೀ ಓದುವ ಆಟೋಎಪಿಐ ಎಂಬ ಜೋಡಣೆ ಸಿಗುತ್ತದೆ. ಹಾಗಾದರೆ ಅದನ್ನೇ ತೆಗೆದುಕೊಂಡು ಮುಗಿಸೋಣವೆಂದು ನಾವು ಹೇಳಿದೆವು. ಆ ಹುಡುಗಿ ಒಪ್ಪಲಿಲ್ಲ. “ಮಾಮ, ಎದ್ದೊಡನೆ ಸಂದೇಶ ಕಳುಹಿಸುವುದು ಪ್ರೋಗ್ರಾಮಿನ ದೋಷ. ಅದನ್ನು ಬೇರೆ ಕೋಣೆಗೆ ಹಾಕುವ. ನಮಗೆ ಪ್ರೋಗ್ರಾಂ ಏಳಲೇಬೇಕು” ಎಂದು ಹೇಳಿ ಡಾಕ್‌ಟೆಸ್ಟ್ ಎಂಬುದನ್ನು ತೋರಿಸಿದಳು.

ಕೇಳಿರಿ, ನಮ್ಮ ಮನಸ್ಸು ಒಲಿದದ್ದು ಇದಕ್ಕೆ. ಟಿಪ್ಪಣಿಯೊಳಗೆ ಒಂದು ಉದಾಹರಣೆ ಬರೆಯುವುದು: ಸಂಬಳ ೧೩,೦೦೦, ವರ್ಷ ೨೨, ಉತ್ತರ ೧,೬೫,೦೦೦ ಎಂದು. ಪರೀಕ್ಷೆಗೆ ಹಚ್ಚಿದೊಡನೆ ಯಂತ್ರ ಆ ಉದಾಹರಣೆಯನ್ನು ತಾನೇ ಲೆಕ್ಕ ಮಾಡಿ, ಬರೆದ ಉತ್ತರಕ್ಕೆ ತಾಳೆ ನೋಡುತ್ತದೆ. ೨೬ನ್ನು ಯಾರಾದರೂ ೩೦ ಮಾಡಿದರೆ, ‘ಬರಬೇಕಾದದ್ದು ಇಷ್ಟು, ಬಂದದ್ದು ಇಷ್ಟು’ ಎಂದು ಕೂಗುತ್ತದೆ. ನಮ್ಮೆದುರಿಗೇ ೩೦ ಮಾಡಿ ತೋರಿಸಿದಳು. ಕೂಗಿತು. ಭಟ್ಟರ ಲೆಕ್ಕ ಈಗ ಆ ಟಿಪ್ಪಣಿಯಲ್ಲೇ ಇದೆ, ಹೆಸರು ಮಾತ್ರ ಇಲ್ಲ. ಇದು ಪೈಥಾನಿನ ಸ್ವಂತ ಸಾಮಾನು, ಸ್ಫಿಂಕ್ಸ್ ಇಲ್ಲದೆಯೂ ನಡೆಯುತ್ತದೆ. ಆದರೆ ಸ್ಫಿಂಕ್ಸ್‌ನಲ್ಲಿ ಅದೇ ಉದಾಹರಣೆ ಪುಸ್ತಕದ ಪುಟಕ್ಕೂ ಬರುತ್ತದೆ, ನಮ್ಮಂಥವರು ಪೆನ್ಸಿಲು ಹಿಡಿದು ತಾಳೆ ನೋಡಬಹುದು.

ಕನ್ನಡದ ಒಂದು ತೊಡಕು ಬಂತು. ಪರದೆಯ ಮೇಲೆ ಕನ್ನಡ ಟಿಪ್ಪಣಿ ಚೆನ್ನಾಗಿ ಕಂಡರೂ ಅಚ್ಚಿನ ಪಿಡಿಎಫ್ ಮಾಡಹೋದರೆ ಕೆಲಸ ನಿಂತಿತು. ಪುಟ ಕಟ್ಟುವ ಯಂತ್ರವನ್ನು ಝೀಲಾಟೆಕ್‌ಗೆ ಬದಲಿಸಿ ಕನ್ನಡದ ಫಾಂಟು ಹೇಳಿದ ಮೇಲೆ ಒತ್ತಕ್ಷರ ಸಮೇತ ಸರಿಯಾಗಿ ಬಂತು. ಟಿಪ್ಪಣಿ ಇಂಗ್ಲಿಷಿನಲ್ಲೇ ಇರಲಿ ಎಂದು ಒಬ್ಬ ಹುಡುಗ ಹೇಳಿದ್ದನು. ಲೆಕ್ಕದ ಕಾರಣ ಬಲ್ಲವರು ನೀವು. ನೀವು ಓದಿ ತಿದ್ದಲಾಗದ ಟಿಪ್ಪಣಿ ನಮಗೆ ಬೇಡ.

ಒಂದು ಮಾತು ಮುಚ್ಚಿಡುವುದಿಲ್ಲ. ಸಲಕರಣೆ ತಾನಾಗಿ ಏನನ್ನೂ ಬರೆಯದು. ಟಿಪ್ಪಣಿ ಇಲ್ಲದ ಪ್ರೋಗ್ರಾಮನ್ನು ಕೊಟ್ಟರೂ ಕೆಲವು ಸಲಕರಣೆಗಳು ಬರಿಯ ಹೆಸರುಗಳ ದೊಡ್ಡ ಪುಸ್ತಕ ಮಾಡಿಕೊಡುತ್ತವೆ; ನೋಡಲು ಚೆಂದ, ಒಳಗೆ ಗಾಳಿ. ‘೨೬ರಿಂದ ಭಾಗಿಸುತ್ತದೆ’ ಎಂದು ಬರೆದರೂ ಪ್ರಯೋಜನವಿಲ್ಲ, ಅದು ಸಾಲಿನಲ್ಲೇ ಕಾಣುತ್ತದೆ. ಏಕೆ, ಯಾವ ಕಾಯಿದೆ, ಯಾವ ತೀರ್ಪು ಎಂದು ಬೇಕು. ೨೦೨೫ರ ನವೆಂಬರ್ ೨೧ರಿಂದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಸಂಬಳವೆಂದರೆ ಯಾವುದು ಎಂಬ ವ್ಯಾಖ್ಯೆಯೇ ಬದಲಾಗಿದೆ. ಯಾವ ಸಾಲು ಹಳೆಯ ಕಾಯಿದೆಯಿಂದ ಬಂದದ್ದೆಂದು ಟಿಪ್ಪಣಿ ಇದ್ದರೆ ಆ ಸಾಲುಗಳನ್ನಷ್ಟೇ ಹುಡುಕಿ ತಿದ್ದಬಹುದು. ಇಲ್ಲದಿದ್ದರೆ ಇಡೀ ಪ್ರೋಗ್ರಾಮನ್ನು ಜಾಲಾಡಬೇಕು.

ಆದುದರಿಂದ ಸ್ಫಿಂಕ್ಸ್, ಅದರೊಡನೆ ಡಾಕ್‌ಟೆಸ್ಟ್, ಇವನ್ನು ಸಭೆ ಮಂಜೂರು ಮಾಡಬೇಕೆಂದು ಕಮಿಟಿಯ ಬಿನ್ನಹ. ಗ್ರಾಚ್ಯುಟಿಯ ಭಾಗಕ್ಕೆ ಟಿಪ್ಪಣಿ ಬರೆದು ಮುಗಿದಿದೆ. ಪ್ರತಿಗಳು ಬಾಗಿಲ ಬಳಿ ಮೇಜಿನ ಮೇಲಿವೆ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ರಜೆಯ ಲೆಕ್ಕದ ಕಡತ ತೆಗೆಯುತ್ತೇವೆ. ಮಕ್ಕಳು ಬರೆಯುತ್ತಾರೆ, ಅವರ ಪಕ್ಕದಲ್ಲಿ ಕುಳಿತು ಏಕೆಂದು ಹೇಳುವವರು ಬೇಕು. ಗಿರಣಿಯ ಹಳೆಯ ಜಾಬರರು ಇಬ್ಬರು, ರಾತ್ರಿ ಪಾಳಿಯ ಹೋಟೆಲಿನವರು ಇಬ್ಬರು ಬಂದರೆ ಸಾಕು. ಹಳೆಯ ಸಂಬಳದ ಚೀಟಿ ಇದ್ದವರು ತರಬೇಕು.