ಮುಳ್ಳುಮರದ ಹೋಟೆಲು
(ರಾಜ್ಯೋತ್ಸವದ ಅಂಗವಾಗಿ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಬ್ಯಾಂಕಿನ ಗುಮಾಸ್ತೆ. ನನ್ನ ಮಾತಿನಲ್ಲಿ ಅಲಂಕಾರ ಕಡಿಮೆ, ಅಂಕಿ ಹೆಚ್ಚು. ಕಳೆದ ವರ್ಷ ಕೈಗೊಂಡ ಆಫ್ರಿಕಾ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಿಂಹ, ಆನೆ, ಜಿರಾಫೆಗಳ ಚಿತ್ರಗಳನ್ನು ತಾವೆಲ್ಲ ನೋಡಿಯೇ ಇದ್ದೀರಿ. ಆದುದರಿಂದ ನೈರೋಬಿ ನಗರದ ಒಂದು ಹೋಟೆಲಿನ ವಿಷಯವನ್ನಷ್ಟೇ ಬಿನ್ನವಿಸುತ್ತೇನೆ. ಆ ಹೋಟೆಲಿಗೂ ನಮ್ಮ ಮನೆತನಕ್ಕೂ ಒಂದು ನಂಟುಂಟು.

ನನ್ನ ತಾಯಿಯ ತಂದೆ ಉಡುಪಿ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಲೆಕ್ಕ ಬರೆಯುವುದನ್ನು ಕಲಿತರು. 1951ರಲ್ಲಿ ‘ಕರಂಜ’ ಹಡಗು ಹತ್ತಿ ಮೊಂಬಾಸಕ್ಕೆ ಹೋದರು. ಅಲ್ಲಿಂದ ನೈರೋಬಿಗೆ ಬಂದು ಗುಜರಾತಿ ವರ್ತಕರೊಬ್ಬರ ದಿನಸಿ ಅಂಗಡಿಯಲ್ಲಿ ಗುಮಾಸ್ತೆಯಾದರು. ಆ ಅಂಗಡಿಯ ಅಕ್ಕಿ, ಸಕ್ಕರೆ ಹೋಗುತ್ತಿದ್ದುದು ನ್ಯೂ ಸ್ಟ್ಯಾನ್ಲಿ ಹೋಟೆಲಿಗೆ. ತಿಂಗಳ ಕೊನೆಯಲ್ಲಿ ಬಿಲ್ಲು ಒಯ್ಯುವ ಕೆಲಸ ಅಜ್ಜನದು. “ಅಡುಗೆಮನೆಯ ಬಾಗಿಲನ್ನು ಹದಿಮೂರು ವರ್ಷ ನೋಡಿದೆ, ಊಟದ ಹಜಾರ ಹೇಗಿದೆಯೋ ಕಾಣೆ” ಎಂದು ನಗುತ್ತ ಹೇಳುತ್ತಿದ್ದರು. 1964ರಲ್ಲಿ ಊರಿಗೆ ಹಿಂತಿರುಗಿದರು.

ನೈರೋಬಿ ಹುಟ್ಟಿದ್ದೇ ರೈಲಿನಿಂದ. 1896ರಲ್ಲಿ ಮೊಂಬಾಸದಿಂದ ಆರಂಭವಾದ ಹಳಿ 1899ರಲ್ಲಿ ಅಲ್ಲಿಗೆ ಮುಟ್ಟಿತು. ಅದನ್ನು ಹಾಸಲು ಭಾರತದಿಂದ ಹೋದ ಕೂಲಿಗಳು ಸುಮಾರು 32,000 ಮಂದಿ. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಪ್ರಾಣ ಬಿಟ್ಟರು. ರೈಲಿನ ಬೆನ್ನಿಗೇ ವ್ಯಾಪಾರ ಬಂತು, ವ್ಯಾಪಾರದ ಬೆನ್ನಿಗೆ ಹೋಟೆಲು. ಸ್ಟ್ಯಾನ್ಲಿ ಹೋಟೆಲು 1902ರಲ್ಲಿ ಆರಂಭವಾಯಿತು, ಬೆಂಕಿಗೆ ಸಿಕ್ಕಿತು, ಮತ್ತೆ ಎದ್ದು, 1913ರಲ್ಲಿ ಈಗಿನ ಜಾಗಕ್ಕೆ ಬಂತು.

ಬಿ.ಕಾಂ. ಓದಿದವನಿಗೆ ರುಚಿಸುವ ಸಂಗತಿ ಇನ್ನೊಂದಿದೆ. ನೈರೋಬಿಯ ಷೇರುಪೇಟೆ 1954ರಲ್ಲಿ ಸ್ಥಾಪನೆಯಾದಾಗ ದಲ್ಲಾಳಿಗಳು ವ್ಯವಹಾರ ಕುದುರಿಸುತ್ತಿದ್ದುದು ಇದೇ ಹೋಟೆಲಿನಲ್ಲಿ, ಕಾಫಿ ಕುಡಿಯುತ್ತ. ಆದರೆ 1963ರಲ್ಲಿ ಸ್ವಾತಂತ್ರ್ಯ ಬರುವವರೆಗೆ ಆಫ್ರಿಕನ್ನರಾಗಲಿ ಭಾರತೀಯರಾಗಲಿ ಅಲ್ಲಿ ಷೇರು ಕೊಳ್ಳುವಂತಿರಲಿಲ್ಲ. ಸಕ್ಕರೆ ನಮ್ಮವರು ಮಾರಬಹುದಿತ್ತು, ಷೇರು ಕೊಳ್ಳುವಂತಿರಲಿಲ್ಲ! ವಸಾಹತು ಆಳ್ವಿಕೆಯ ಲೆಕ್ಕಾಚಾರವೇ ಹಾಗಿತ್ತು.

ಕಾಲ ಉರುಳಿದಂತೆ ಹೋಟೆಲು ಹಲವು ಸಲ ನವೀಕರಣಗೊಂಡಿತು. 1959ರಲ್ಲಿ ಮುಂಭಾಗದಲ್ಲಿ ಕಾಫಿಶಾಲೆ ತೆರೆದರು. ಅದರ ನಡುವೆ ಜಾಲಿಯ ಜಾತಿಯ ಒಂದು ಮುಳ್ಳುಮರ. ದೂರದ ಪ್ರಯಾಣಿಕರು ಹಿಂದೆ ಬರುವ ಗೆಳೆಯರಿಗಾಗಿ ಆ ಮರಕ್ಕೆ ಚೀಟಿ ಚುಚ್ಚಿ ಹೋಗುತ್ತಿದ್ದರು. ಮರಕ್ಕೆ ವಯಸ್ಸಾದಾಗ ಅದೇ ಜಾಗದಲ್ಲಿ ಹೊಸದನ್ನು ನೆಟ್ಟರು. 1978ರಲ್ಲಿ ಹೋಟೆಲು ಸರೋವಾ ಸಂಸ್ಥೆಗೆ ಸೇರಿತು. ಈಗ ಹೊಳೆಯುವ ಮರಗೆಲಸ, ಮೆತ್ತನೆಯ ಕುರ್ಚಿಗಳು. ಷೇರುಪೇಟೆಯ ನೆನಪಿಗೆ ‘ಎಕ್ಸ್‌ಚೇಂಜ್’ ಎಂಬ ಕೋಣೆ.

ಆ ಕಾಫಿಶಾಲೆಯಲ್ಲಿ ನನ್ನ ತಾಯಿ, ನನ್ನ ಹೆಂಡತಿ, ನಾನು ಕುಳಿತು ಕಾಫಿ ತರಿಸಿದೆವು. ಬಿಲ್ಲು ಬಂದಾಗ ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಅಪ್ಪ ಇಲ್ಲಿಗೆ ಬಿಲ್ಲು ತರುತ್ತಿದ್ದರು, ಮಗಾ. ಇವತ್ತು ಇಲ್ಲಿಯವರು ನಮಗೆ ಬಿಲ್ಲು ತಂದಿದ್ದಾರೆ. ನಾನೇ ಕೊಡುತ್ತೇನೆ” ಎಂದರು. ನನಗೆ ಮಾತು ಹೊರಡಲಿಲ್ಲ.

ಬಡಿಸುತ್ತಿದ್ದ ತರುಣನಿಗೆ ಅಜ್ಜನ ಕಥೆ ತಿಳಿಸಿದೆ. ಅವನು ವಿನಯದಿಂದ ಹೇಳಿದ: “ನಿಮ್ಮ ಅಜ್ಜ ಬಾಗಿಲವರೆಗಾದರೂ ಬಂದರು. ನನ್ನ ಮುತ್ತಜ್ಜ ಕೊರಳಲ್ಲಿ ಕಿಪಾಂಡೆ ಕಟ್ಟಿಕೊಂಡು ತಿರುಗಿದವರು.” ಕಿಪಾಂಡೆ ಎಂದರೆ ಆಫ್ರಿಕನ್ ಗಂಡಸರು ಲೋಹದ ಡಬ್ಬಿಯಲ್ಲಿಟ್ಟು ಧರಿಸಬೇಕಾಗಿದ್ದ ಗುರುತಿನ ಚೀಟಿ. ನಮ್ಮ ಮನೆಯ ನೋವೊಂದನ್ನೇ ತೂಗುತ್ತ ಕುಳಿತಿದ್ದ ನನಗೆ ತಕ್ಕಡಿಯ ಇನ್ನೊಂದು ತಟ್ಟೆ ಕಂಡಿತು. ನಮ್ಮವರ ಅಂಗಡಿಗಳಲ್ಲಿ ಮೂಟೆ ಹೊತ್ತವರೂ ಆ ಜನವೇ ಅಲ್ಲವೆ?

ಆ ನಾಡು ನಮ್ಮವರನ್ನು ಮರೆತಿಲ್ಲ. 1920ರವರೆಗೆ ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿ. ಸ್ವಾಹಿಲಿ ನುಡಿಯಲ್ಲಿ ಅಂಗಡಿಗೆ ‘ದುಕಾ’, ಲಕ್ಷಕ್ಕೆ ‘ಲಾಕಿ’, ವಿಮೆಗೆ ‘ಬೀಮಾ’, ಚಪಾತಿಗೆ ಚಪಾತಿಯೇ. 2017ರಲ್ಲಿ ಕೀನ್ಯಾ ಸರ್ಕಾರ ಏಷ್ಯಾ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಮನ್ನಿಸಿತು. ಹೊರಗಿನಿಂದ ಬಂದವರನ್ನು ‘ನೀವೂ ನಮ್ಮ ಕುಲದವರು’ ಎನ್ನುವುದು ಸಣ್ಣ ಮಾತಲ್ಲ.

ಬಂಧುಗಳೆ, ಹೋಟೆಲನ್ನು ನವೀಕರಿಸುವುದೆಂದರೆ ಗೋಡೆಗೆ ಬಣ್ಣ ಬಳಿಯುವುದಷ್ಟೇ ಅಲ್ಲ. ಹಿಂದೆ ಹೊರಗೆ ನಿಂತಿದ್ದವನಿಗೆ ಒಳಗೆ ಕುರ್ಚಿ ಹಾಕುವುದು. ಈ ಮಾತು ನಮ್ಮ ಸಂಘಕ್ಕೂ ಸಲ್ಲುತ್ತದೆ. ಪ್ರತಿ ನವೆಂಬರಿನಲ್ಲಿ ನಾವು ಸಭಾಂಗಣವನ್ನು ಸಿಂಗರಿಸುತ್ತೇವೆ, ಬಾವುಟ ಹಾರಿಸುತ್ತೇವೆ. ನಿನ್ನೆ ತಾನೆ ಊರಿನಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ ಈ ಸಭೆಯಲ್ಲಿ ಎಲ್ಲಿ ಕುಳಿತಿದ್ದಾನೆ? ಉಪಾಹಾರದ ತಟ್ಟೆ ಎತ್ತಲು ಹಿಂದಿನ ಬಾಗಿಲಲ್ಲಿ ನಿಂತಿದ್ದಾನೆಯೆ?

ಆದುದರಿಂದ ನನ್ನದೊಂದು ಸೂಚನೆ. ಸಂಘದ ಹೊಸಿಲಿನ ಬಳಿ ಒಂದು ಹಲಗೆ ತೂಗುಹಾಕೋಣ. ಕೊಠಡಿ ಖಾಲಿ ಇದ್ದವರು, ಕೆಲಸ ಕೊಡುವವರು, ಸಂಜೆ ಒಂದು ಗಂಟೆ ಪಾಠ ಹೇಳಬಲ್ಲವರು ಅದಕ್ಕೆ ಕನ್ನಡದಲ್ಲಿ ಚೀಟಿ ಅಂಟಿಸಲಿ. ಮೊದಲ ಚೀಟಿ ನನ್ನದು: ಶನಿವಾರ ಸಂಜೆ ಲೆಕ್ಕ ಬರೆಯುವುದನ್ನು ಬಿಟ್ಟಿಯಾಗಿ ಕಲಿಸುತ್ತೇನೆ. ತಾವೆಲ್ಲ ಒಂದೊಂದು ಚೀಟಿ ಬರೆಯಬೇಕೆಂದು ಪ್ರಾರ್ಥಿಸುತ್ತೇನೆ.