ಬೇಸಗೆಯ ರಜದಲ್ಲಿ ಉದ್ಯಾನದ ಬೇಸಾಯ



ಬೇಸಗೆಯ ರಜ ಬಂದಿತೆಂದರೆ ನಮ್ಮ ನಾಡಿನ ಮಕ್ಕಳಿಗೆ ಹಿಂದೆ ಒಂದೇ ದಾರಿ ತಿಳಿದಿತ್ತು. ಅದು ಅಜ್ಜಿಯ ಊರಿನ ದಾರಿ. ಪರೀಕ್ಷೆ ಮುಗಿದ ಮರುದಿನವೇ ಪೆಟ್ಟಿಗೆ ಕಟ್ಟಿಕೊಂಡು ಹೊರಟವರು, ಶಾಲೆಯ ಬಾಗಿಲು ಮತ್ತೆ ತೆರೆಯುವ ವೇಳೆಗೆ ಮೈ ಕಪ್ಪಾಗಿ, ಮೊಣಕಾಲು ತರಚಿ, ಮಾವಿನ ಸೊನೆಗೆ ತುಟಿ ಸುಟ್ಟುಕೊಂಡು ಹಿಂದಿರುಗುತ್ತಿದ್ದರು. ಅಲ್ಲಿ ಅವರಿಗೆ ಯಾರೂ ಪಾಠ ಹೇಳುತ್ತಿರಲಿಲ್ಲ. ಆದರೂ ತಿಪ್ಪೆಯ ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ ಹೋಗುವುದನ್ನು, ಮೊದಲ ಮಳೆ ಬಿದ್ದೊಡನೆ ನೇಗಿಲು ಹೂಡುವುದನ್ನು, ಮಳೆ ಬಾರದ ದಿನ ಹಿರಿಯರು ಜಗಲಿಯಲ್ಲಿ ಕುಳಿತು ಮುಗಿಲು ನೋಡುವುದನ್ನು ಅವರು ಕಂಡಿರುತ್ತಿದ್ದರು. ತಾವು ಉಣ್ಣುವ ಅನ್ನಕ್ಕೂ ಆ ಮುಗಿಲಿಗೂ ಸಂಬಂಧವುಂಟೆಂಬುದು ಕೇಳದೆಯೇ ಅವರ ಮನಸ್ಸಿಗೆ ಇಳಿದಿರುತ್ತಿತ್ತು.

ಈಗ ಆ ಊರು ಎಲ್ಲರಿಗೂ ಉಳಿದಿಲ್ಲ. 2011ರ ಜನಗಣತಿಯ ವೇಳೆಗೆ ಕರ್ನಾಟಕದ ಜನರಲ್ಲಿ ನೂರಕ್ಕೆ ಸುಮಾರು 39 ಮಂದಿ ಪಟ್ಟಣವಾಸಿಗಳಾಗಿದ್ದರು. ಬೆಂಗಳೂರು ಒಂದರಲ್ಲಿಯೇ 84 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಜ್ಜಿಯೇ ಈಗ ಪಟ್ಟಣದಲ್ಲಿ ಮೂರನೆಯ ಅಂತಸ್ತಿನ ಮನೆಯಲ್ಲಿದ್ದಾಳೆ. ಊರಿನ ಹೊಲ ಗುತ್ತಿಗೆಗೆ ಹೋಗಿದೆ, ಇಲ್ಲವೆ ನಿವೇಶನವಾಗಿದೆ. ಇದನ್ನು ನೆನೆದು ನಿಟ್ಟುಸಿರು ಬಿಡುವುದರಿಂದ ಪ್ರಯೋಜನವಿಲ್ಲ. ಅಜ್ಜಿಯ ಊರು ಮಗುವಿಗೆ ಕೊಡುತ್ತಿದ್ದುದರಲ್ಲಿ ಸ್ವಲ್ಪವನ್ನಾದರೂ ಪಟ್ಟಣವು ಕೊಡಬಲ್ಲುದೆ ಎಂಬುದೇ ನಾವು ಈ ಹೊತ್ತು ವಿಚಾರಿಸತಕ್ಕ ಪ್ರಶ್ನೆ. ಕೊಡಬಲ್ಲುದೆಂದೂ, ಅದಕ್ಕೆ ತಕ್ಕ ಸ್ಥಳವು ನಮ್ಮ ಬೀದಿಯ ಕೊನೆಯ ಸಾರ್ವಜನಿಕ ಉದ್ಯಾನವೆಂದೂ ನಮ್ಮ ಅಭಿಪ್ರಾಯ.

ಉದ್ಯಾನದಲ್ಲಿ ಬೇಸಾಯವೆ ಎಂದು ಕೆಲವರು ಹುಬ್ಬೇರಿಸಬಹುದು. ಉದ್ಯಾನವೆಂದರೆ ಹೂವಿನ ಮಡಿ, ಹಸುರು ಹಾಸು, ಅದರ ಮುಂದೆ 'ತುಳಿಯಬಾರದು' ಎಂಬ ಹಲಗೆ, ಇಷ್ಟೇ ಎಂದು ನಾವು ರೂಢಿಮಾಡಿಕೊಂಡಿದ್ದೇವೆ. ಆದರೆ ನಮ್ಮ ನಾಡಿನ ಅತಿ ಪ್ರಸಿದ್ಧವಾದ ಉದ್ಯಾನದ ಚರಿತ್ರೆ ಹೀಗೆ ಹೇಳುವುದಿಲ್ಲ. 1760ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗಿಗೆ ಅವನೂ ಅವನ ಮಗ ಟಿಪ್ಪುವೂ ದೂರದ ನಾಡುಗಳಿಂದ ಗಿಡಗಳನ್ನು ತರಿಸಿದರು. ಈ ನೆಲದಲ್ಲಿ ಯಾವುದು ಬಾಳುವುದೆಂಬುದನ್ನು ನೋಡುವ ಪ್ರಯೋಗಶಾಲೆ ಅದಾಯಿತು. ತಮಿಳರು ಇಂದಿಗೂ 'ಬೆಂಗಳೂರು ಬದನೆ' ಎಂದು ಕರೆಯುವ ಸೀಮೆಬದನೆಯಂತಹ ತರಕಾರಿಗಳು ನಮ್ಮ ಅಡಿಗೆಮನೆಯನ್ನು ಸೇರಿದುದು ಈ ತೋಟದ ಮೂಲಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕ್ರುಂಬಿಗಲ್, ಅವರ ಬಳಿಕ ಜವರಾಯ, ಮುಂದೆ ಮರಿಗೌಡ, ಇವರೆಲ್ಲರೂ ಗಿಡವನ್ನು ಕಣ್ಣಿಗೆ ಹಬ್ಬವೆಂದು ಮಾತ್ರ ಎಣಿಸಲಿಲ್ಲ. ಮರಿಗೌಡರ ಕಾಲದಲ್ಲಿ ರಾಜ್ಯದ ನಾನಾ ಕಡೆ ತೋಟಗಾರಿಕೆಯ ಕ್ಷೇತ್ರಗಳೂ ಸಸಿಮಡಿಗಳೂ ಏರ್ಪಟ್ಟು, ಕಸಿಗಿಡಗಳು ರೈತನ ಕೈಗೆ ಸೇರಿದವು. ಆದಕಾರಣ ಉದ್ಯಾನದಲ್ಲಿ ಕಾಯಿಪಲ್ಲೆ ಬೆಳೆಯುವುದು ಹೊಸ ಹುಚ್ಚಲ್ಲ. ಅದು ಉದ್ಯಾನದ ಹಳೆಯ ಕಸುಬು.

ಬೇಸಗೆಯಲ್ಲಿ ನಮ್ಮ ಉದ್ಯಾನಗಳು ಈಗಲೂ ಬರಿದಾಗಿರುವುದಿಲ್ಲ. ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಮಕ್ಕಳ ಬೇಸಗೆ ಶಿಬಿರಗಳು ನಡೆಯುತ್ತವೆ. ಲಾಲ್‌ಬಾಗಿನಲ್ಲಿ ಅನೇಕ ವರ್ಷಗಳಿಂದ ಮಾವಿನ ಮೇಳವು ಕೂಡಿ, ಬೆಳೆಗಾರರು ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣುಗಳನ್ನು ತಾವೇ ತಂದು ಮಾರುತ್ತಾರೆ. ಕೊಳ್ಳುವವನೂ ಬೆಳೆದವನೂ ನಡುವೆ ದಲ್ಲಾಳಿಯಿಲ್ಲದೆ ಮುಖಾಮುಖಿಯಾಗುವ ಈ ಏರ್ಪಾಡು ಬಹಳ ಒಳ್ಳೆಯದು. ಆದರೆ ಮೇಳಕ್ಕೆ ಹೋದ ಸಂಸಾರವು ನೋಡುತ್ತದೆ, ರುಚಿ ನೋಡುತ್ತದೆ, ಕೊಳ್ಳುತ್ತದೆ, ಮನೆಗೆ ಬರುತ್ತದೆ. ಎಲ್ಲವೂ ಒಂದು ಬೆಳಗಿನಲ್ಲಿ ಮುಗಿದುಹೋಗುತ್ತದೆ. ಬೇಸಾಯದ ಮುಖ್ಯವಾದ ಗುಣವಾದ ಕಾಯುವಿಕೆ ಇದರಲ್ಲಿ ಬರುವುದಿಲ್ಲ. ನಿನ್ನೆ ಬಿತ್ತಿದ್ದು ಈ ದಿನ ಮೊಳೆಯಲಿಲ್ಲವೇಕೆ ಎಂದು ಮಡಿಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದ ಮಗುವಿಗೆ ಮಾತ್ರ ಆ ಗುಣವು ತಿಳಿಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಶಾಲೆಗಳ ಬೇಸಗೆಯ ರಜವು ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ, ಅಂದರೆ ಸುಮಾರು ಏಳು ವಾರ. ರೈತನ ಲೆಕ್ಕದಲ್ಲಿ ಹೇಳುವುದಾದರೆ ಅಶ್ವಿನಿಯ ಮಳೆಯಿಂದ ಭರಣಿ, ಕೃತ್ತಿಕೆಗಳನ್ನು ದಾಟಿ ರೋಹಿಣಿಯ ಬಾಗಿಲವರೆಗೆ. ಯುಗಾದಿಯ ಹೊನ್ನಾರು ಕಳೆದು ನೆಲವು ಹದವಾಗತಕ್ಕ ಕಾಲವಿದು. ಶಾಲೆಯ ಪಂಚಾಂಗವೂ ಹೊಲದ ಪಂಚಾಂಗವೂ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವಾಗ, ಅದನ್ನು ಉಪಯೋಗಿಸದೆ ಬಿಡುವುದು ಜಾಣತನವಲ್ಲ.

ಉದ್ಯಾನದ ಒಂದು ಮೂಲೆಯನ್ನು ಸಣ್ಣ ಸಣ್ಣ ಮಡಿಗಳಾಗಿ ವಿಂಗಡಿಸಿ, ಒಂದೊಂದು ಸಂಸಾರಕ್ಕೆ ಒಂದೊಂದು ಮಡಿಯನ್ನು ರಜ ಮುಗಿಯುವವರೆಗೆ ಒಪ್ಪಿಸಲಿ. ಮೊದಲ ವಾರದಲ್ಲಿ ನೆಲ ಅಗೆದು, ಹೆಂಟೆ ಒಡೆದು, ಗೊಬ್ಬರ ಸೇರಿಸುವುದು. ಮನೆಯಲ್ಲಿಯೇ ಒದ್ದೆಯ ಬಟ್ಟೆಯ ಮೇಲೆ ನೂರು ಕಾಳು ಎಣಿಸಿ ಇಟ್ಟು, ಎಷ್ಟು ಮೊಳೆತವೆಂದು ನೋಡಿ, ಬೀಜದ ಯೋಗ್ಯತೆಯನ್ನು ತಿಳಿಯುವುದು. ಎರಡನೆಯ ವಾರದ ಮೊದಲಿಗೇ ಬಿತ್ತಿದರೆ ಮೆಂತ್ಯದ ಸೊಪ್ಪೂ ದಂಟಿನ ಸೊಪ್ಪೂ ಸುಮಾರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತವೆ. ಮೂಲಂಗಿಗೆ ಆರು ವಾರ ಸಾಕು. ಬೆಂಡೆಗೆ ಏಳು ವಾರ ಬೇಕು. ಶಾಲೆ ತೆರೆದ ಮೇಲೆ ಒಂದು ಸಂಜೆ ಹೋಗಿ ಎಳೆಯ ಕಾಯನ್ನು ಕೊಯ್ದು ತರಬಹುದು. ಹೀಗೆ ರಜವು ಮುಗಿಯುವುದರೊಳಗೆ ಮಗು ತಾನು ಬೆಳೆದ ಸೊಪ್ಪಿನ ಸಾರನ್ನು ಊಟಮಾಡಿರುತ್ತದೆ. ತಟ್ಟೆಯಲ್ಲಿ ಸೊಪ್ಪನ್ನು ಕಂಡರೆ ಮುಖ ತಿರುಗಿಸುವ ಮಕ್ಕಳ ತಾಯಂದಿರಿಗೆ ಇದರ ಲಾಭವನ್ನು ನಾವು ವಿವರಿಸಬೇಕಾಗಿಲ್ಲ.

ಆದರೆ ರಾಗಿಯ ಮಾತು ಬೇರೆ. ನಮ್ಮ ಸೀಮೆಯಲ್ಲಿ ಅದನ್ನು ಮುಂಗಾರು ಹಿಡಿದ ಮೇಲೆ, ಜೂನ್ ಜುಲೈ ತಿಂಗಳಲ್ಲಿ ಬಿತ್ತುತ್ತಾರೆ. ಕೊಯ್ಲಿಗೆ ಬರಲು ಮೂರೂವರೆ ನಾಲ್ಕು ತಿಂಗಳು ಬೇಕು. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಅಕ್ಕಡಿಯ ಸಾಲಾಗಿ ಹಾಕುವ ಪದ್ಧತಿಯುಂಟು; ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬ ವಿವೇಕ ಅದರಲ್ಲಿ ಅಡಗಿದೆ. ಪ್ರತಿ ಉದ್ಯಾನದಲ್ಲಿಯೂ ಎಲ್ಲ ಸಂಸಾರಗಳಿಗೂ ಸೇರಿದ ಒಂದು ರಾಗಿಯ ಪಟ್ಟಿಯಿರಲಿ. ಬೇಸಗೆಯಲ್ಲಿ ಅದರ ನೆಲವನ್ನು ಸಿದ್ಧಮಾಡಿದವರು ಮಳೆಗಾಲದಲ್ಲಿ ಒಂದು ಭಾನುವಾರ ಬಂದು ಬಿತ್ತಲಿ, ಇನ್ನೊಂದು ಭಾನುವಾರ ಕಳೆ ಕೀಳಲಿ, ಕೊನೆಗೆ ತೆನೆ ಕೊಯ್ಯಲಿ. ಬೇಸಗೆಯ ಕಾರ್ಯಕ್ರಮವು ಬೇಸಗೆಗೇ ಮುಗಿದರೆ ಅದು ವಿನೋದ. ತೆನೆಯವರೆಗೆ ನಡೆದರೆ ಶಿಕ್ಷಣ. ಕಾಲೇಜಿನ ತರಗತಿಯಲ್ಲಿ ಕ್ಷಾಮದ ವಿಷಯವಾಗಿ ಪಾಠ ಹೇಳುವಾಗ, ಮುದ್ದೆಯನ್ನು ದಿನವೂ ಉಣ್ಣುವ ವಿದ್ಯಾರ್ಥಿಗಳಲ್ಲಿಯೂ ರಾಗಿಯ ಪೈರನ್ನು ಹತ್ತಿರದಿಂದ ಕಂಡವರು ವಿರಳವಾಗಿರುವುದನ್ನು ನಾವು ನೋಡಿದ್ದೇವೆ. ಪೈರನ್ನೇ ಕಾಣದವನಿಗೆ ಪೈರು ಒಣಗುವುದೆಂದರೇನೆಂದು ಹೇಗೆ ತಿಳಿದೀತು?

ಇಂತಹ ಪ್ರಯತ್ನ ಪಟ್ಟಣದಲ್ಲಿ ಸಾಧ್ಯವೆ ಎಂದು ಶಂಕಿಸುವವರಿಗೆ ನ್ಯೂಯಾರ್ಕ್ ನಗರದ ಎರಡು ಉದಾಹರಣೆಗಳನ್ನು ಹೇಳಬಹುದು. 1902ರಲ್ಲಿ ಫ್ಯಾನಿ ಗ್ರಿಸ್ಕಮ್ ಪಾರ್ಸನ್ಸ್ ಎಂಬಾಕೆ ಬಡವರು ಕಿಕ್ಕಿರಿದಿದ್ದ ಬಡಾವಣೆಯೊಂದರ ಡಿ ವಿಟ್ ಕ್ಲಿಂಟನ್ ಉದ್ಯಾನದಲ್ಲಿ ಮಕ್ಕಳ ಹೊಲವನ್ನು ಆರಂಭಿಸಿದಳು. ಒಬ್ಬೊಬ್ಬ ಹುಡುಗನಿಗೂ ಹುಡುಗಿಗೂ ಒಂದೊಂದು ಪುಟ್ಟ ಮಡಿ. ಅದರಲ್ಲಿ ಬೆಳೆದುದು ಅವರದೇ. ಕೆಲವು ವರ್ಷಗಳ ತರುವಾಯ, 1914ರಲ್ಲಿ, ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ ಎಲೆನ್ ಎಡ್ಡಿ ಷಾ ಎಂಬಾಕೆಯ ಮುಂದಾಳುತನದಲ್ಲಿ ಮಕ್ಕಳ ತೋಟವು ಹುಟ್ಟಿತು. ಮೊದಲನೆಯದು 1930ರ ದಶಕದ ಆರಂಭದಲ್ಲಿ ಹೆದ್ದಾರಿಯ ನಿರ್ಮಾಣಕ್ಕೆ ಬಲಿಯಾಯಿತು. ಎರಡನೆಯದು ನೂರು ವರ್ಷ ದಾಟಿ ಇಂದಿಗೂ ನಡೆಯುತ್ತಿದೆ. ಉತ್ಸಾಹ ಎರಡು ಕಡೆಯೂ ಇತ್ತು. ಆದರೆ ಒಂದಕ್ಕೆ ನೆಲದ ಭದ್ರತೆ ದೊರೆಯಲಿಲ್ಲ, ಇನ್ನೊಂದಕ್ಕೆ ಅದನ್ನು ತನ್ನ ನಿತ್ಯದ ಕರ್ತವ್ಯವೆಂದು ಒಪ್ಪಿಕೊಂಡ ಸಂಸ್ಥೆಯೊಂದರ ಆಶ್ರಯ ದೊರೆಯಿತು. ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಕಾಪಾಡುವುದಕ್ಕಾಗಿ ನಮ್ಮ ರಾಜ್ಯದಲ್ಲಿಯೂ 1985ರ ಕಾನೂನೊಂದುಂಟು. ಆದರೆ ಉದ್ಯಾನದೊಳಗೆ ತಮ್ಮ ಮಕ್ಕಳ ಮಡಿಯಿರುವ ನೂರು ಸಂಸಾರಗಳು ಇಡುವ ಕಾವಲು ಯಾವ ಕಾನೂನಿಗೂ ಬಲವನ್ನೇ ಕೊಡುತ್ತದೆ.

ಇನ್ನು ಕಲಿಸತಕ್ಕವರು ಯಾರು? ಇದಕ್ಕೆ ಪದವೀಧರರನ್ನು ಹುಡುಕಬೇಕಾಗಿಲ್ಲ. ಉದ್ಯಾನದ ಮಾಲಿಯು ಅಲ್ಲಿಯೇ ಇದ್ದಾನೆ. ಯಾವ ಗಿಡಕ್ಕೆ ಎಷ್ಟು ನೀರು, ಯಾವ ಎಲೆ ಹಳದಿಯಾದರೆ ಏನು ಕೊರತೆ ಎಂಬುದು ಅವನಿಗೆ ಗೊತ್ತು. ಅವನು ತಲೆ ತಗ್ಗಿಸಿ ಕಳೆ ಕೀಳುತ್ತಿರುವಾಗ ನಾವು ಅವನನ್ನು ದಾಟಿಕೊಂಡು ಗಾಳಿಸಂಚಾರಕ್ಕೆ ಹೋಗುತ್ತೇವೆ. ಅವನಂತೆಯೇ ಬಲ್ಲವರು ಇನ್ನೂ ಇದ್ದಾರೆ. ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯಿಂದ ಬಂದು ನಮ್ಮ ಮನೆಗಳನ್ನು ಕಟ್ಟುವ ಕೂಲಿಗಾರರಲ್ಲಿ ಅನೇಕರು ಜೋಳ ತೊಗರಿಗಳ ಹೊಲದಲ್ಲಿ ಬೆಳೆದವರು. ಅವರ ಮಕ್ಕಳಿಗೂ ಉದ್ಯಾನದಲ್ಲಿ ಮಡಿ ದೊರೆಯಬೇಕು. ಅದಕ್ಕೆ ಶುಲ್ಕವೆಂಬುದೇ ಇರಬಾರದು. ಪಟ್ಟಣದ ಹೊರಗೆ ಹಣ ತೆತ್ತು ಒಂದು ದಿನದ ಬೇಸಾಯವನ್ನು ನೋಡಿಬರುವ ವಿಲಾಸಸ್ಥಳಗಳು ಈಗ ಉಂಟು. ಹಣವಿದ್ದವರು ಅಲ್ಲಿಗೂ ಹೋಗಲಿ. ಸಾರ್ವಜನಿಕ ಉದ್ಯಾನದ ಹೆಚ್ಚುಗಾರಿಕೆಯೆಂದರೆ, ಅಲ್ಲಿ ವಕೀಲರ ಮಗಳಿಗೆ ಗುದ್ದಲಿ ಹಿಡಿಯುವ ಕ್ರಮವನ್ನು ಗಾರೆಯವನ ಮಗ ತೋರಿಸಿಕೊಡಬಹುದು. ಶಾಲೆಯಲ್ಲಿ ಹಿಂದೆ ಬಿದ್ದವನೆಂದು ಹೆಸರು ಪಡೆದ ಹುಡುಗನೊಬ್ಬನು ಹತ್ತು ಜನರ ಮುಂದೆ ಬಲ್ಲವನೆನಿಸಿಕೊಂಡರೆ, ಅದೊಂದೇ ಫಲಕ್ಕಾಗಿಯಾದರೂ ಈ ಶ್ರಮವನ್ನು ಪಡಬಹುದು.

ತೊಂದರೆಗಳು ಇಲ್ಲವೆಂದಲ್ಲ. ಮೊದಲನೆಯದು ಬಿಸಿಲು. ರೈತನೂ ಬೇಸಗೆಯ ನಡುಹಗಲಿನಲ್ಲಿ ಮರದ ನೆರಳನ್ನು ಸೇರುತ್ತಾನೆ. ನಮ್ಮ ಕೆಲಸವೂ ಬೆಳಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಮುಗಿಯಬೇಕು. ತಲೆಗೆ ವಸ್ತ್ರ, ಕುಡಿಯಲು ನೀರು, ಕೆಲಸವಾದೊಡನೆ ಸಾಬೂನಿನಿಂದ ಕೈ ತೊಳೆಯುವುದು, ಇವು ತಪ್ಪಬಾರದು. ಎರಡನೆಯದು ನೀರು. ಇದು ಸಣ್ಣ ಮಾತಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಬಾರದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5000 ರೂಪಾಯಿಯ ದಂಡವನ್ನು ಗೊತ್ತುಮಾಡಬೇಕಾಯಿತು. ಅಂತಹ ವರ್ಷದಲ್ಲಿ ಮಡಿಗಳ ಸಂಖ್ಯೆಯನ್ನು ತಗ್ಗಿಸಬೇಕು. ಒಣಗಿದ ಎಲೆಯನ್ನು ಬುಡಕ್ಕೆ ಹೊದಿಸಿ ತೇವವನ್ನು ಹಿಡಿದಿಡಬೇಕು. ಭರಣಿಯ ಮಳೆ ಬರುವವರೆಗೆ ಬಿತ್ತದೆ ಕಾಯಬೇಕು. ಮಳೆಯೇ ಬಾರದಿದ್ದರೆ ಬಿತ್ತಲಾಗಲಿಲ್ಲವೆಂಬುದೇ ಆ ವರ್ಷದ ಪಾಠ. ಮಕ್ಕಳಿಗೆ ಬೇಸರವಾಗುವುದೆಂದು ಕೊಳಾಯಿ ತಿರುಗಿಸಿ ಆ ಪಾಠವನ್ನು ತಪ್ಪಿಸಕೂಡದು. ನಮ್ಮ ರೈತರಲ್ಲಿ ಬಹುಮಂದಿಗೆ ತಿರುಗಿಸಲು ಕೊಳಾಯಿಯಿಲ್ಲ.

ಮೂರನೆಯ ಆಕ್ಷೇಪಣೆ ಸೌಂದರ್ಯವನ್ನು ಕುರಿತದ್ದು. ಹೂವಿನ ಮಡಿಯ ಪಕ್ಕದಲ್ಲಿ ಗೊಬ್ಬರದ ಗುಂಡಿಯಿದ್ದರೆ ಉದ್ಯಾನದ ಅಂದ ಕೆಡುವುದೆನ್ನುತ್ತಾರೆ. ಲಾಲ್‌ಬಾಗಿನ 240 ಎಕರೆಗಳಲ್ಲಿ ಇದಕ್ಕೊಂದು ಮೂಲೆ ಸಿಕ್ಕದಿರದು. ಬಡಾವಣೆಯ ಸಣ್ಣ ಉದ್ಯಾನಗಳಲ್ಲಿ ನಾಲ್ಕೇ ಮಡಿಗಳಾದರೂ ಸಾಕು. ಮೈಸೂರಿನ ಕುಪ್ಪಣ್ಣ ಪಾರ್ಕಿನಲ್ಲಿ ದಸರೆಗೆ ಫಲಪುಷ್ಪಪ್ರದರ್ಶನವನ್ನು ನೋಡಲು ನೆರೆಯುವ ಜನಸಂದಣಿಯನ್ನು ಕಂಡವರು, ನಮ್ಮ ಜನಕ್ಕೆ ಗಿಡದಲ್ಲಿ ಆಸಕ್ತಿಯಿಲ್ಲವೆಂದು ಹೇಳಲಾರರು. ಮಗು ಸ್ವತಃ ಬಿತ್ತಿದ ಮೆಂತ್ಯದ ಮಡಿಯು ಆ ಮಗುವಿನ ಕಣ್ಣಿಗೆ ಗುಲಾಬಿಗಿಂತ ಚೆಲುವಾಗಿರುತ್ತದೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಇದರಿಂದ ಪಟ್ಟಣದ ಮಕ್ಕಳೆಲ್ಲರೂ ರೈತರಾಗುವರೆಂದು ನಾವು ಭಾವಿಸಿಲ್ಲ. ಏಳು ವಾರದ ಸೊಪ್ಪಿನ ಮಡಿಗೂ ಸಾಲ ಮಾಡಿ ಬಿತ್ತಿದ ಹೊಲಕ್ಕೂ ಅಜಗಜಾಂತರ. ನಮ್ಮ ಮಡಿ ಒಣಗಿದರೆ ನಾವು ಅಂಗಡಿಗೆ ಹೋಗುತ್ತೇವೆ. ಅವನ ಹೊಲ ಒಣಗಿದರೆ ಅವನು ಊರು ಬಿಡುತ್ತಾನೆ. ಈ ಅಂತರವು ಅರಿವಿಗೆ ಬರಬೇಕೆಂಬುದೇ ನಮ್ಮ ಆಶಯ. ಇಂದಿನ ಈ ಮಕ್ಕಳು ನಾಳೆ ಅಧಿಕಾರಿಗಳೂ ವರ್ತಕರೂ ಮತದಾರರೂ ಆಗತಕ್ಕವರು. ಧಾನ್ಯದ ಬೆಲೆಯನ್ನೂ ಕೆರೆಯ ನೀರನ್ನೂ ಹೊಲದ ಭವಿಷ್ಯವನ್ನೂ ಕುರಿತು ಅವರು ತೀರ್ಮಾನ ಮಾಡುವರು. ಟೊಮೇಟೊ ತುಟ್ಟಿಯಾದ ದಿನ ಗದ್ದಲ ಮಾಡಿ, ಕೊಳ್ಳುವವರಿಲ್ಲದೆ ರೈತನು ಅದನ್ನು ರಸ್ತೆಗೆ ಸುರಿದ ದಿನ ಸುಮ್ಮನಿರುವ ಸಮಾಜದಲ್ಲಿ ಅವರು ಬೆಳೆಯುತ್ತಿದ್ದಾರೆ. ಕೈಗೆ ಒಮ್ಮೆ ಮಣ್ಣು ಹತ್ತಿದವರು ಆ ಎರಡು ಸುದ್ದಿಗಳನ್ನೂ ಒಂದೇ ಗಮನದಿಂದ ಓದುವರೆಂದು ನಾವು ನಂಬುತ್ತೇವೆ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಸರ್ಕಾರವಾಗಲಿ ನಗರಸಭೆಯಾಗಲಿ ದೊಡ್ಡ ಯೋಜನೆಯನ್ನು ಮಾಡಲೆಂದು ಕಾದು ಕುಳಿತಿರಬೇಡಿ. ಈ ಬೇಸಗೆಯಲ್ಲಿ ನಿಮ್ಮ ಬಡಾವಣೆಯ ನಾಲ್ಕು ಸಂಸಾರಗಳು ಕೂಡಿ, ಉದ್ಯಾನದ ಅಧಿಕಾರಿಗಳ ಅನುಮತಿಯನ್ನು ಬರಹದಲ್ಲಿ ಕೇಳಿ. ಮಾಲಿಯ ಹೆಸರನ್ನು ತಿಳಿದುಕೊಂಡು, ಮಕ್ಕಳಿಂದ ಅವನನ್ನು ಮೇಷ್ಟ್ರೇ ಎಂದು ಕರೆಯಿಸಿ. ಒಂದು ಹಿಡಿ ಮೆಂತ್ಯವು ಪ್ರತಿಯೊಬ್ಬರ ಅಡಿಗೆಮನೆಯಲ್ಲಿಯೂ ಇದೆ. ಆರಂಭಕ್ಕೆ ಅದು ಸಾಕು.